ಹಂಚಿದ ಬಹುಮಾನ ಯಾರಿಗೆ ದಕ್ಕಿತು?

ದೀಪಾವಳಿ ವಿಶೇಷಾಂಕಗಳ ಹಂಗಾಮು ಮುಗಿಯಿತು. ಕಥೆ, ಕವನ, ಪ್ರಬಂಧ ಸ್ಪರ್ಧೆಗಳ ಫಲಿತಾಂಶ ಅಚ್ಚಾಗಿದೆ, ಬಹುಮಾನಿತರ ಭಾವಚಿತ್ರಗಳು ಬಂದಿವೆ, ತೀರ್ಪುಗಾರರ ಟಿಪ್ಪಣಿಗಳನ್ನು ಓದಿಯೂ ಆಗಿದೆ. ಆ ಟಿಪ್ಪಣಿಗಳಲ್ಲಿ ಆಗಾಗ ಕಾಣಸಿಗುವ ಒಂದು ಮಾತಿದೆ: ಮೊದಲ ಬಹುಮಾನವನ್ನು ಈ ಸಲ ಎರಡು ಕಥೆಗಳು ಹಂಚಿಕೊಂಡಿವೆ. ಓದುಗರು ಅದನ್ನು ಓದಿ ಪುಟ ತಿರುಗಿಸುತ್ತಾರೆ. ಕಥೆ ಬರೆದವರಿಗೆ ಹಾಗೆ ಪುಟ ತಿರುಗಿಸಲು ಆಗುವುದಿಲ್ಲ. ನನ್ನ ಕಥೆ ಗೆದ್ದಿತೋ, ಅಥವಾ ತೀರ್ಪುಗಾರರಿಗೆ ಹೊತ್ತು ಮೀರಿತೋ ಎಂಬ ಪ್ರಶ್ನೆ ಅವರನ್ನು ಬಹಳ ದಿನ ಕಾಡುತ್ತದೆ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಬೇಕಾದವರು ಸ್ಪರ್ಧೆ ನಡೆಸುವವರು.

ಬರವಣಿಗೆಯ ಸ್ಪರ್ಧೆಯಲ್ಲಿ ಸಮಬಲ ಬಂದಾಗ ಜಗತ್ತಿನ ದೊಡ್ಡ ಬಹುಮಾನಗಳು ಏನು ಮಾಡಿವೆ, ಆ ತೀರ್ಮಾನಗಳಿಗೆ ಮುಂದೇನಾಯಿತು ಎಂದು ಅರ್ಧ ಶತಮಾನದ ದಾಖಲೆಯನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಹುಮಾನ ಹಂಚಿದಾಗ ಇಬ್ಬರೂ ಸಮನಾಗಿ ಗೆಲ್ಲುವುದು ಅಪರೂಪ. ಹಂಚಿಕೆಯ ಬೆಲೆ ತೆರುವವರು ಹೆಚ್ಚಾಗಿ ಇಬ್ಬರಲ್ಲಿ ಕಡಿಮೆ ಹೆಸರಿದ್ದವರೇ.

ಬೂಕರ್ ಪ್ರಶಸ್ತಿಯನ್ನೇ ನೋಡೋಣ. 1969ರಲ್ಲಿ ಆರಂಭವಾದ ಈ ಬಹುಮಾನ ಇದುವರೆಗೆ ಮೂರು ಸಲ ಇಬ್ಬರಿಗೆ ಹೋಗಿದೆ. ಮೊದಲನೆಯದು 1974ರಲ್ಲಿ. ಆಗ ತೀರ್ಪುಗಾರರು ಮೂವರೇ: ಅಧ್ಯಕ್ಷ ಅಯಾನ್ ಟ್ರೆವಿನ್, ಎ.ಎಸ್. ಬಯಟ್, ಎಲಿಜಬೆತ್ ಜೇನ್ ಹೊವರ್ಡ್. ಅಂತಿಮ ಪಟ್ಟಿಯಲ್ಲಿ ಹೊವರ್ಡ್ ಅವರ ಪತಿ ಕಿಂಗ್ಸ್ಲಿ ಏಮಿಸ್ ಅವರ ಕಾದಂಬರಿಯೂ ಇತ್ತು. ಇಂದಿನ ಕಣ್ಣಿಗೆ ಅದೊಂದೇ ಸಾಕು ದೊಡ್ಡ ಗಲಾಟೆಗೆ. ಕೊನೆಗೆ ಬಹುಮಾನ ದಕ್ಷಿಣ ಆಫ್ರಿಕಾದ ನಡೀನ್ ಗಾರ್ಡಿಮರ್ ಅವರ ‘ದಿ ಕನ್ಸರ್ವೇಷನಿಸ್ಟ್’ ಮತ್ತು ಇಂಗ್ಲೆಂಡಿನ ಸ್ಟ್ಯಾನ್ಲಿ ಮಿಡಲ್ಟನ್ ಅವರ ‘ಹಾಲಿಡೇ’ ಕಾದಂಬರಿಗಳಿಗೆ ಹಂಚಿಹೋಯಿತು. ಗಾರ್ಡಿಮರ್ 1991ರಲ್ಲಿ ನೊಬೆಲ್ ಪಡೆದರು. ಮಿಡಲ್ಟನ್ ನಾಟಿಂಗ್‌ಹ್ಯಾಮ್‌ನ ಶಾಲಾ ಮೇಷ್ಟ್ರು. ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು, ತಮ್ಮೂರಿನ ಮಧ್ಯಮ ವರ್ಗದ ಬದುಕನ್ನು ಬಿಟ್ಟು ಆಚೆ ಹೋಗಲಿಲ್ಲ. 2006ರಲ್ಲಿ ಸಂಡೇ ಟೈಮ್ಸ್ ಪತ್ರಿಕೆ ಒಂದು ಪರೀಕ್ಷೆ ನಡೆಸಿತು. ‘ಹಾಲಿಡೇ’ಯ ಮೊದಲ ಪುಟಗಳನ್ನು ಬೇರೆ ಹೆಸರಿನಲ್ಲಿ ಬೆರಳಚ್ಚು ಮಾಡಿಸಿ ಪ್ರಕಾಶಕರಿಗೂ ಸಾಹಿತ್ಯ ಏಜೆಂಟರಿಗೂ ಕಳಿಸಿತು. ಬಹುತೇಕ ಎಲ್ಲರೂ ವಾಪಸು ಮಾಡಿದರು. ಒಮ್ಮೆ ಬೂಕರ್ ಗೆದ್ದ ಪುಸ್ತಕವನ್ನು ಆ ವೃತ್ತಿಯವರೇ ಗುರುತು ಹಿಡಿಯಲಿಲ್ಲ. ಒಬ್ಬಂಟಿಯಾಗಿ ಗೆದ್ದ ನೈಪಾಲರ ಪುಸ್ತಕಕ್ಕೂ ಅದೇ ಪರೀಕ್ಷೆಯಲ್ಲಿ ಅದೇ ಗತಿ ಆಯಿತು ನಿಜ. ಆದರೆ ನೈಪಾಲರ ಹೆಸರನ್ನು ಮರೆತವರು ಯಾರೂ ಇರಲಿಲ್ಲ.

ಎರಡನೆಯದು 1992. ಮೈಕೆಲ್ ಒಂಡಾಚಿ ಅವರ ‘ದಿ ಇಂಗ್ಲಿಷ್ ಪೇಷೆಂಟ್’, ಬ್ಯಾರಿ ಅನ್ಸ್‌ವರ್ತ್ ಅವರ ‘ಸೇಕ್ರೆಡ್ ಹಂಗರ್’. ಮೊದಲನೆಯದು 1996ರಲ್ಲಿ ಸಿನಿಮಾ ಆಯಿತು, ಒಂಬತ್ತು ಆಸ್ಕರ್ ಬಾಚಿತು. 2018ರಲ್ಲಿ ಬೂಕರ್‌ಗೆ ಐವತ್ತು ತುಂಬಿದಾಗ ಓದುಗರ ಮತದಿಂದ ‘ಗೋಲ್ಡನ್ ಮ್ಯಾನ್ ಬೂಕರ್’ ಕೂಡ ಅದಕ್ಕೇ ಸಂದಿತು. 1992ರಲ್ಲಿ ಇನ್ನೊಂದು ಪುಸ್ತಕಕ್ಕಿಂತ ಹೆಚ್ಚಲ್ಲ ಎಂದು ತೀರ್ಪು ಪಡೆದ ಕಾದಂಬರಿ ಐವತ್ತು ವರ್ಷಗಳ ಅಷ್ಟೂ ಬೂಕರ್ ವಿಜೇತರ ಮೇಲೆ ಗೆದ್ದಿತು. ಹದಿನೆಂಟನೆಯ ಶತಮಾನದ ಗುಲಾಮರ ಹಡಗಿನ ಕಥೆ ಹೇಳುವ ‘ಸೇಕ್ರೆಡ್ ಹಂಗರ್’ ನನ್ನ ಮಟ್ಟಿಗೆ ಎಲ್ಲ ರೀತಿಯಲ್ಲೂ ಅದರ ಸರಿಸಮಾನವಾದ ಪುಸ್ತಕ. ಲಾಭದ ಆಸೆ ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ಅಷ್ಟು ನಿಧಾನವಾಗಿ, ಅಷ್ಟು ನಿರ್ದಯವಾಗಿ ತೋರಿಸಿದ ಕಾದಂಬರಿಗಳು ಕಡಿಮೆ. ಓದದವರು ದಯವಿಟ್ಟು ಹುಡುಕಿ ಓದಬೇಕು.

ಆ ವರ್ಷದ ನಂತರ ಬೂಕರ್‌ನವರು ನಿಯಮ ಬದಲಿಸಿದರು: ಇನ್ನು ಮುಂದೆ ಒಬ್ಬರಿಗೇ ಬಹುಮಾನ. ಕಾಲು ಶತಮಾನಕ್ಕೂ ಮಿಕ್ಕಿ ನಿಯಮ ನಿಂತಿತು. 2019ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಅದು ಮುರಿಯಿತು. ಆ ಸಲ ಬಂದ ಪುಸ್ತಕ 151. ತೀರ್ಪುಗಾರರು ಐವರು, ಅಧ್ಯಕ್ಷ ಪೀಟರ್ ಫ್ಲಾರೆನ್ಸ್. ಕೊನೆಯ ಸಭೆ ಐದು ಗಂಟೆಗೂ ಮೇಲೆ ನಡೆಯಿತು. ಇಬ್ಬರಿಗೆ ಕೊಡಬಹುದೇ ಎಂದು ಕೇಳಿದರು, ನಿಯಮದಲ್ಲಿಲ್ಲ ಎಂಬ ಉತ್ತರ ಬಂತು. ಮತ್ತೆ ಚರ್ಚಿಸಿದರು, ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಕೊನೆಗೆ ನಿಯಮ ಮೀರುವುದೇ ನಮ್ಮ ತೀರ್ಮಾನ ಎಂದು ಒಟ್ಟಾಗಿ ಹೇಳಿ ಮಾರ್ಗರೆಟ್ ಆಟ್‌ವುಡ್ ಮತ್ತು ಬರ್ನಾರ್ಡಿನ್ ಎವರಿಸ್ಟೊ ಇಬ್ಬರ ಹೆಸರನ್ನೂ ಘೋಷಿಸಿದರು. 50,000 ಪೌಂಡ್ ಎರಡು ಪಾಲಾಯಿತು.

ಆ ವೇದಿಕೆಯ ಮೇಲಿದ್ದ ಇಬ್ಬರನ್ನು ಹತ್ತಿರದಿಂದ ನೋಡಬೇಕು. ಆಟ್‌ವುಡ್ ಅವರಿಗೆ ಆಗ 79. ‘ದಿ ಬ್ಲೈಂಡ್ ಅಸಾಸಿನ್’ ಕಾದಂಬರಿಗೆ 2000ದಲ್ಲೇ ಬೂಕರ್ ಬಂದಿತ್ತು. ಗೆದ್ದ ‘ದಿ ಟೆಸ್ಟಮೆಂಟ್ಸ್’ ಜಗತ್ತಿನಾದ್ಯಂತ ಓದುಗರು ಕಾದು ಕುಳಿತಿದ್ದ ಪುಸ್ತಕ. ಎವರಿಸ್ಟೊ ಅವರಿಗೆ 60. ದಶಕಗಳಿಂದ ಬರೆಯುತ್ತಿದ್ದರೂ ಸಾಮಾನ್ಯ ಓದುಗರಿಗೆ ಹೆಚ್ಚು ಪರಿಚಯವಿರಲಿಲ್ಲ. ‘ಗರ್ಲ್, ವುಮನ್, ಅದರ್’ ಹನ್ನೆರಡು ಜೀವಗಳ ಕಥೆ. ಬಹುಪಾಲು ಬ್ರಿಟನ್ನಿನ ಕಪ್ಪು ಹೆಂಗಸರದ್ದು. ಬೂಕರ್ ಗೆದ್ದ ಮೊದಲ ಕಪ್ಪು ಮಹಿಳೆ ಅವರು. ಅಂಥ ಮೊದಲ ಗೆಲುವು, ಅದೂ ನಿಯಮ ಮುರಿದು, ಅರ್ಧವಾಗಿ ಬರಬೇಕಿತ್ತೇ ಎಂದು ಹಲವರು ಆಗಲೇ ನೊಂದು ಕೇಳಿದರು. ಎರಡು ತಿಂಗಳೂ ಕಳೆದಿರಲಿಲ್ಲ, ಬಿಬಿಸಿಯ ನಿರೂಪಕರೊಬ್ಬರು ಆ ವರ್ಷದ ಬೂಕರ್ ಬಗ್ಗೆ ಹೇಳುವಾಗ ಆಟ್‌ವುಡ್ ಮತ್ತು ಇನ್ನೊಬ್ಬ ಲೇಖಕರಿಗೆ ಹಂಚಿಕೆಯಾಯಿತು ಎಂದುಬಿಟ್ಟರು. ಎವರಿಸ್ಟೊ ಅದನ್ನು ಬಹಿರಂಗವಾಗಿ ಎತ್ತಿ ತೋರಿಸಿದರು, ಸಂಸ್ಥೆ ಕ್ಷಮೆ ಕೇಳಿತು. ಆಟ್‌ವುಡ್ ತಮ್ಮ ಪಾಲಿನ ಹಣವನ್ನು ಕೆನಡಾದ ಮೂಲನಿವಾಸಿ ಮಕ್ಕಳ ವಿದ್ಯಾಭ್ಯಾಸದ ನಿಧಿಗೆ ಕೊಟ್ಟರು. ಅವರ ದೊಡ್ಡತನದಲ್ಲಿ ಸಂದೇಹವಿಲ್ಲ. ಆದರೆ ಒಬ್ಬರಿಗೆ ಬೇಕಾಗಿಯೇ ಇಲ್ಲದ ಅರ್ಧ ಇನ್ನೊಬ್ಬರಿಗೆ ಇಡಿಯಾಗಿ ಸಿಕ್ಕಬಹುದಿತ್ತಲ್ಲ ಎಂಬ ಮಾತು ಉಳಿದೇ ಉಳಿಯುತ್ತದೆ.

ಇಲ್ಲಿ ಒಂದು ವಿಚಾರ ಸ್ಪಷ್ಟವಾಗಬೇಕು. ಐವರು ತೀರ್ಪುಗಾರರ ಮುಂದೆ ಎರಡೇ ಪುಸ್ತಕ ಉಳಿದು, ಎಲ್ಲರೂ ಮತ ಹಾಕಿದರೆ ಒಂದು ಕಡೆ ಕನಿಷ್ಠ ಮೂರು ಮತ ಬೀಳಲೇಬೇಕು. ಸಮಬಲ ಬರಲು ದಾರಿಯೇ ಇಲ್ಲ. ಅಂದಮೇಲೆ 2019ರ ಹಂಚಿಕೆ ಮತ ಎಣಿಸಿ ಬಂದದ್ದಲ್ಲ, ಎರಡನ್ನೂ ಬಿಟ್ಟುಕೊಡಲು ಮನಸ್ಸಾಗದೆ ಬಂದದ್ದು. ಸಮಬಲದಲ್ಲಿ ಹೀಗೆ ಎರಡು ಜಾತಿ ಇದೆ. ಒಂದು ಲೆಕ್ಕದ್ದು, ಇನ್ನೊಂದು ಮನಸ್ಸಿನದ್ದು. ಎರಡಕ್ಕೂ ಒಂದೇ ಮದ್ದು ಕೊಡುವುದರಿಂದಲೇ ನಮ್ಮ ಸ್ಪರ್ಧೆಗಳಲ್ಲೂ ಎಡವಟ್ಟಾಗುತ್ತಿದೆ.

ಲೆಕ್ಕದ ಸಮಬಲವನ್ನು ಕಥಾ ಸ್ಪರ್ಧೆಯ ಅಂಕಪಟ್ಟಿಯಲ್ಲೇ ನೋಡಬಹುದು. ನಮ್ಮಲ್ಲಿ ರೂಢಿ ಹೀಗೆ: ಬಂದ ಕಥೆಗಳಲ್ಲಿ ಹೆಸರು ತೆಗೆದು ಸಂಖ್ಯೆ ಹಾಕುತ್ತಾರೆ, ಸಂಪಾದಕೀಯ ಬಳಗ ಸೋಸಿ ಹದಿನೈದು ಇಪ್ಪತ್ತು ಉಳಿಸುತ್ತದೆ, ಅವು ಇಬ್ಬರು ಅಥವಾ ಮೂವರು ತೀರ್ಪುಗಾರರಿಗೆ ಹೋಗುತ್ತವೆ, ಅವರು ನೂರಕ್ಕೆ ಇಷ್ಟು ಎಂದು ಅಂಕ ಹಾಕಿ ಕಳಿಸುತ್ತಾರೆ, ಕಚೇರಿಯಲ್ಲಿ ಕೂಡುತ್ತಾರೆ. 7ನೇ ಸಂಖ್ಯೆಯ ಕಥೆಗೆ ಮೂವರಿಂದ 62, 85, 70 ಬಂತು ಎಂದುಕೊಳ್ಳಿ. ಒಟ್ಟು 217. 12ನೇ ಕಥೆಗೆ 65, 78, 74. ಅದೂ 217. ಸಮಬಲವಾಯಿತು, ಹಂಚಿಬಿಡೋಣ ಎಂದು ಕಚೇರಿ ಹೇಳುತ್ತದೆ. ಸ್ವಲ್ಪ ತಾಳಿ ಅಡ್ಡಸಾಲು ಓದಿ. ಮೊದಲ ತೀರ್ಪುಗಾರರಿಗೆ 12ನೇ ಕಥೆ ಹೆಚ್ಚು ಹಿಡಿಸಿದೆ, ಮೂರು ಅಂಕ ಹೆಚ್ಚು ಕೊಟ್ಟಿದ್ದಾರೆ. ಮೂರನೆಯವರಿಗೂ 12ನೆಯದೇ, ನಾಲ್ಕು ಅಂಕ ಹೆಚ್ಚು. ಎರಡನೆಯವರೊಬ್ಬರು ಮಾತ್ರ 7ನೇ ಕಥೆಯ ಕಡೆ. ಆದರೆ ಅವರು ಏಳು ಅಂಕದ ಅಂತರ ಇಟ್ಟಿದ್ದಾರೆ. ಮೂವರಲ್ಲಿ ಇಬ್ಬರು ಮೆಚ್ಚಿದ ಕಥೆಯನ್ನು ಒಬ್ಬರ ಕೈಬಿಚ್ಚುತನ ಸಮಕ್ಕೆ ಎಳೆದು ನಿಲ್ಲಿಸಿತು. ಇದನ್ನು ಸಮಬಲ ಎಂದು ಕರೆಯುವುದು 12ನೇ ಕಥೆಯವರಿಗೆ ಮಾಡುವ ಅನ್ಯಾಯ.

ತೀರ್ಪುಗಾರರಲ್ಲಿ ಎಪ್ಪತ್ತರ ಮೇಲೆ ಯಾರಿಗೂ ಹಾಕದವರಿದ್ದಾರೆ, ನಲವತ್ತರಿಂದ ತೊಂಬತ್ತೈದರವರೆಗೂ ಓಡಾಡುವವರಿದ್ದಾರೆ. ಇಬ್ಬರ ಅಂಕಗಳನ್ನು ಸುಮ್ಮನೆ ಕೂಡಿದರೆ ಎರಡನೆಯವರ ಮಾತಿಗೆ ತಾನಾಗಿಯೇ ತೂಕ ಹೆಚ್ಚು. ಹಾಗಾಗಿ ಅಂಕಕ್ಕಿಂತ ಸ್ಥಾನ ಕೇಳುವುದು ವಾಸಿ: ನಿಮ್ಮ ಪ್ರಕಾರ ಮೊದಲನೆಯದು ಯಾವುದು, ಎರಡನೆಯದು ಯಾವುದು, ಮೂರನೆಯದು ಯಾವುದು. ಈ ಜಿಜ್ಞಾಸೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಬೋರ್ಡಾ ಎಂಬ ನೌಕಾಪಡೆಯ ಗಣಿತಜ್ಞ ಸ್ಥಾನಗಳಿಗೆ ಅಂಕ ಕೊಟ್ಟು ಕೂಡುವ ಕ್ರಮವನ್ನು ಪ್ರತಿಪಾದಿಸಿದ. 1785ರಲ್ಲಿ ಕಾಂಡೋರ್ಸೆ ಎಂಬ ಚಿಂತಕ ಸ್ಥಾನಗಳಿಂದಲೂ ಬಿಡಿಸಲಾಗದ ಒಂದು ಗಂಟನ್ನು ತೋರಿಸಿಕೊಟ್ಟ. ಮೂರು ಕಥೆ, ಮೂವರು ತೀರ್ಪುಗಾರರು. ಒಬ್ಬರ ಕ್ರಮ ಅ, ಬ, ಕ. ಇನ್ನೊಬ್ಬರದು ಬ, ಕ, ಅ. ಮತ್ತೊಬ್ಬರದು ಕ, ಅ, ಬ. ಇಬ್ಬರ ಪ್ರಕಾರ ಬ ಗಿಂತ ಅ ಮೇಲು, ಇಬ್ಬರ ಪ್ರಕಾರ ಕ ಗಿಂತ ಬ ಮೇಲು, ಇಬ್ಬರ ಪ್ರಕಾರ ಅ ಗಿಂತ ಕ ಮೇಲು. ತಿರುಗಿ ತಿರುಗಿ ಅಲ್ಲೇ ಬಂದು ನಿಲ್ಲುತ್ತೇವೆ. ತೀರ್ಪುಗಾರರ ಸಂಖ್ಯೆ ಬೆಸವಾಗಿದ್ದರೆ ಸಮಬಲ ಬರುವುದೇ ಇಲ್ಲ ಎಂದು ನಂಬಿರುವ ಸಂಘಟಕರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕು.

ಇಂಥ ಗಂಟು ಬಿದ್ದಾಗ ಅಧ್ಯಕ್ಷರ ನಿರ್ಣಾಯಕ ಮತ ಎಂಬ ದಾರಿಯೂ ಇದೆ. 1983ರ ಬೂಕರ್‌ನಲ್ಲಿ ತೀರ್ಪುಗಾರರು ಜೆ.ಎಂ. ಕುಟ್ಸೀ ಮತ್ತು ಸಲ್ಮಾನ್ ರಶ್ದಿ ನಡುವೆ ಎರಡು ಭಾಗವಾದಾಗ ಅಧ್ಯಕ್ಷೆ ಫೇ ವೆಲ್ಡನ್ ಅವರ ಮತದಿಂದ ಕುಟ್ಸೀ ಗೆದ್ದರು. ಅದರಲ್ಲಿ ತಪ್ಪೇನಿಲ್ಲ, ಆದರೆ ಆ ಅಧಿಕಾರ ಅಧ್ಯಕ್ಷರಿಗೆ ಇದೆ ಎಂಬುದು ಮೊದಲೇ ಗೊತ್ತಿರಬೇಕು. ನಾಣ್ಯ ಚಿಮ್ಮುವುದು, ಚೀಟಿ ಎತ್ತುವುದು ಮಾತ್ರ ಬೇಡ. ತಿಂಗಳುಗಟ್ಟಲೆ ಕೂತು ತಿದ್ದಿ ಬರೆದವರ ಶ್ರಮವನ್ನು ಅದೃಷ್ಟಕ್ಕೆ ಒಪ್ಪಿಸುವ ಹಕ್ಕು ಯಾವ ತೀರ್ಪುಗಾರರಿಗೂ ಇಲ್ಲ.

ಅಮೆರಿಕದ ಮಕ್ಕಳ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ 2014ರಿಂದ ಮೂರು ವರ್ಷ ಸಾಲಾಗಿ ಇಬ್ಬಿಬ್ಬರು ಗೆದ್ದರು, 2019ರಲ್ಲಂತೂ ಎಂಟು ಮಕ್ಕಳು. ಆಮೇಲೆ ತೊಂಬತ್ತು ಸೆಕೆಂಡಿನ ನಿರ್ಣಾಯಕ ಸುತ್ತು ತಂದರು, ಸಮಸ್ಯೆ ಮುಗಿಯಿತು. ಕಾಗುಣಿತಕ್ಕೆ ಸರಿ–ತಪ್ಪು ಇದೆ, ಅಲ್ಲಿ ಇದು ಸಾಧ್ಯ. ಕಥೆಗೆ ಅಂಥ ಸುತ್ತು ಇಲ್ಲ. ಕಥೆಗಿರುವುದು ಮರು ಓದು ಒಂದೇ.

ಮರು ಓದು ಅಂದರೆ ಎರಡು ಕಥೆಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸುವುದಲ್ಲ. ನಾನು ಸೂಚಿಸುವುದು ಇದನ್ನು: ಒಂದು ವಾರ ಬಿಟ್ಟು, ಆ ಎರಡೇ ಕಥೆಗಳನ್ನು ಮತ್ತೆ ಓದಿ, ಪ್ರತಿ ತೀರ್ಪುಗಾರರೂ ತಾವು ಒಪ್ಪದ ಕಥೆಯ ಪರವಾಗಿ ಅರ್ಧ ಪುಟ ಬರೆಯಬೇಕು. ಒಪ್ಪಿದ ಕಥೆಯ ಬಗ್ಗೆ ಎಲ್ಲರೂ ಬರೆಯಬಲ್ಲರು. ಒಪ್ಪದ್ದರ ಶಕ್ತಿಯನ್ನು ಪ್ರಾಮಾಣಿಕವಾಗಿ ಬರೆಯಲು ಕೂತಾಗ ಮೊದಲ ಓದಿನಲ್ಲಿ ತಪ್ಪಿಹೋದದ್ದು ಕಣ್ಣಿಗೆ ಬೀಳುತ್ತದೆ. ಕಥೆಯ ನಡುವೆ ಸದ್ದಿಲ್ಲದೆ ಬಂದುಹೋದ ಒಬ್ಬ ಅಜ್ಜಿ, ಕೊನೆಗೆ ಬಿಚ್ಚಿಕೊಳ್ಳುವ ಒಂದು ಸಾಲ, ಮಂಡ್ಯದ ಮಾತಿನ ಜಾಡು ಎಲ್ಲೂ ಹದ ತಪ್ಪದಿರುವುದು, ಇಂಥವು. ಆ ಟಿಪ್ಪಣಿಗಳನ್ನು ಎದುರಿಟ್ಟುಕೊಂಡು, ಫೋನಿನಲ್ಲಾದರೂ ಸರಿ, ಮೂವರೂ ಒಮ್ಮೆ ಮಾತಾಡಬೇಕು. ಅಂಕಪಟ್ಟಿ ಅಂಚೆಯಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬಂದು, ತೀರ್ಪುಗಾರರು ಒಬ್ಬರಿಗೊಬ್ಬರು ಮಾತೇ ಆಡದೆ ಫಲಿತಾಂಶ ಹೊರಬೀಳುವುದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಅರ್ಧಕ್ಕರ್ಧ ಸಮಬಲಗಳು ಹುಟ್ಟುವುದು ಆ ಮೌನದಲ್ಲೇ ಎಂದು ನನಗನಿಸುತ್ತದೆ.

ಇಷ್ಟಾದ ಮೇಲೂ ಎರಡು ಕಥೆ ಸಮಸಮ ನಿಂತರೆ ಹಂಚಲಿ. ಅದು ಮನಸ್ಸಿನ ಸಮಬಲ, ಅದಕ್ಕೆ ತಲೆಬಾಗಬೇಕು. ಸಾಹಿತ್ಯದಲ್ಲಿ ಎರಡು ಒಳ್ಳೆಯವು ಒಂದನ್ನೊಂದು ಅಳಿಸದೆ ಇರಬಲ್ಲವು. ಪುಲಿಟ್ಜರ್‌ನ ಕಥಾಸಾಹಿತ್ಯ ವಿಭಾಗದಲ್ಲಿ 2012ರಲ್ಲಿ ಮಂಡಳಿಗೆ ಬಹುಮತ ಸಿಗದೆ ಮೂರು ಅಂತಿಮ ಪುಸ್ತಕಗಳಲ್ಲಿ ಯಾವುದಕ್ಕೂ ಕೊಡದೆ ಬಿಟ್ಟರು. 2023ರಲ್ಲಿ ಬಾರ್ಬರಾ ಕಿಂಗ್‌ಸಾಲ್ವರ್, ಎರ್ನಾನ್ ಡಿಯಾಜ್ ಇಬ್ಬರಿಗೂ ಕೊಟ್ಟರು. ಯಾರಿಗೂ ಇಲ್ಲ ಎನ್ನುವುದಕ್ಕಿಂತ ಇಬ್ಬರಿಗೂ ಎನ್ನುವುದು ಸಾವಿರ ಪಾಲು ಮೇಲು.

ನಮ್ಮ ಪುಣ್ಯಕ್ಕೆ ಇದರ ಎರಡು ದೊಡ್ಡ ನಿದರ್ಶನ ಕನ್ನಡದಲ್ಲೇ ಇವೆ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಮೊದಲೆರಡೂ ಹಂಚಿಕೊಂಡವು. 1967ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ಗಾಗಿ ಕುವೆಂಪು ಅವರಿಗೆ ಬಂದಾಗ ಗುಜರಾತಿಯ ಉಮಾಶಂಕರ ಜೋಶಿ ‘ನಿಶೀಥ’ ಕವನ ಸಂಕಲನಕ್ಕಾಗಿ ಜೊತೆಗಿದ್ದರು. ಜ್ಞಾನಪೀಠ ಇಬ್ಬರಿಗೆ ಹೋದದ್ದು ಅದೇ ಮೊದಲು. 1973ರಲ್ಲಿ ‘ನಾಕುತಂತಿ’ಯ ಬೇಂದ್ರೆಯವರ ಜೊತೆ ಒಡಿಯಾದ ಗೋಪಿನಾಥ ಮೊಹಾಂತಿ. ಕುವೆಂಪು, ಜೋಶಿ ಇಬ್ಬರೂ ಕವಿಗಳು, ಇಬ್ಬರೂ ತಮ್ಮ ತಮ್ಮ ನಾಡಿನ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಮೊಹಾಂತಿ ಒಡಿಶಾದ ಬುಡಕಟ್ಟು ಜನರ ಬದುಕನ್ನು ಕಾದಂಬರಿಗೆ ತಂದ ಹಿರಿಯರು. ಆದರೆ ನಮ್ಮ ಪಠ್ಯಪುಸ್ತಕದಲ್ಲಿ, ರಸಪ್ರಶ್ನೆಯಲ್ಲಿ, ಶಾಲೆಯ ಗೋಡೆಯ ಮೇಲಿನ ಎಂಟು ಚಿತ್ರಗಳ ಸಾಲಿನಲ್ಲಿ ಜೋಶಿ, ಮೊಹಾಂತಿ ಇಬ್ಬರ ಸುಳಿವೇ ಇಲ್ಲ. ಅಹಮದಾಬಾದಿನಲ್ಲೋ ಕಟಕ್‌ನಲ್ಲೋ ನಮ್ಮವರ ಹೆಸರಿಗೂ ಇದೇ ಗತಿ ಇದ್ದರೆ ಆಶ್ಚರ್ಯವಿಲ್ಲ. ಭಾಷೆಯ ಗಡಿ ಇದ್ದುದರಿಂದ ಇಲ್ಲಿ ಯಾರಿಗೂ ನಷ್ಟವಾಗಲಿಲ್ಲ. ಇಬ್ಬರೂ ತಮ್ಮ ತಮ್ಮ ನೆಲದಲ್ಲಿ ಪೂರ್ಣ ವಿಜೇತರಾದರು. ಆದರೂ ಬೇಂದ್ರೆಯವರ ಜೊತೆ ನಿಂತವರ ಒಂದು ಕಾದಂಬರಿಯನ್ನಾದರೂ ನಮ್ಮ ಮಕ್ಕಳ ಕೈಗೆ ಕೊಡುವ ಅವಕಾಶವನ್ನು ಆ ಹಂಚಿಕೆ ನಮಗೆ ಕೊಟ್ಟಿತ್ತು. ನಾವು ಬಳಸಿಕೊಳ್ಳಲಿಲ್ಲ.

ಒಂದೇ ಭಾಷೆಯೊಳಗೆ ಹಂಚಿದಾಗ ಆ ಗಡಿಯ ರಕ್ಷಣೆ ಇರುವುದಿಲ್ಲ. ಬೂಕರ್ ಮೊದಲ ಸಲ ಹಂಚಿಹೋದ ಅದೇ 1974ರಲ್ಲಿ ಸಾಹಿತ್ಯದ ನೊಬೆಲ್ ಕೂಡ ಸ್ವೀಡನ್ನಿನ ಐವಿಂಡ್ ಯೊನ್‌ಸೊನ್, ಹ್ಯಾರಿ ಮಾರ್ಟಿನ್‌ಸೊನ್ ಇಬ್ಬರಿಗೆ ಹೋಯಿತು. ಇಬ್ಬರೂ ಬಹುಮಾನ ಕೊಡುವ ಸ್ವೀಡಿಷ್ ಅಕಾಡೆಮಿಯ ಸದಸ್ಯರೇ. ಟೀಕೆಯ ಮಳೆಯೇ ಸುರಿಯಿತು. ಸಾಹಿತ್ಯದ ನೊಬೆಲ್ ಅದಕ್ಕೂ ಮೊದಲು 1904, 1917, 1966ರಲ್ಲಿ ಇಬ್ಬರಿಗೆ ಸಂದಿತ್ತು. ಆಮೇಲೆ ಒಮ್ಮೆಯೂ ಇಲ್ಲ.

ಹಂಚಿಕೆಯೇ ಅವಮಾನವಲ್ಲ ಎಂಬುದಕ್ಕೆ ತೀರಾ ಈಚಿನ ಸಾಕ್ಷಿ ನಮ್ಮ ಮನೆಯದೇ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ 50,000 ಪೌಂಡನ್ನು ಅವರೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಪಡೆದರು. ಅದು ಸಮಬಲವಲ್ಲ, ಆ ಬಹುಮಾನದ ನಿಯಮವೇ ಹಾಗೆ. ಆದರೆ ತಲಾ ಅರ್ಧವಷ್ಟೇ ಸಿಕ್ಕಿತು ಎಂದು ಯಾರಿಗೂ ಅನಿಸಲಿಲ್ಲ. ಕಾರಣ ಸರಳ: ಪಾಲು ಎಷ್ಟು, ಏಕೆ ಎಂಬುದು ಪುಸ್ತಕ ಕಳಿಸುವ ಮೊದಲೇ ಎಲ್ಲರಿಗೂ ಗೊತ್ತಿತ್ತು. 2019ರಲ್ಲಿ ಎವರಿಸ್ಟೊ ಅವರಿಗೆ ಸಿಗದೆ ಹೋದದ್ದು ಇದೇ.

ಕನ್ನಡದ ಸ್ಪರ್ಧೆಗಳು ಮುಂದಿನ ಆಹ್ವಾನ ಪ್ರಕಟಿಸುವಾಗ ಪದಮಿತಿ, ಕೊನೆಯ ದಿನಾಂಕ, ಸ್ವಂತ ರಚನೆ ಎಂಬ ದೃಢೀಕರಣ ಇವುಗಳ ಜೊತೆ ಸಮಬಲದ ನಿಯಮವನ್ನೂ ಅಚ್ಚು ಹಾಕಲಿ. ಹಂಚುವುದಿಲ್ಲ ಎಂದಾದರೆ ಹಾಗೆಂದು ಹೇಳಲಿ, ನಿರ್ಣಾಯಕ ಮತ ಯಾರದು ಎಂಬುದನ್ನೂ ಹೇಳಲಿ. ಹಂಚುವುದಾದರೆ ಮೊದಲ ಬಹುಮಾನದ ಹಣವನ್ನಷ್ಟೇ ಎರಡು ತುಂಡು ಮಾಡುವುದು ಬೇಡ. ಹಲವು ಚೆಸ್ ಪಂದ್ಯಾವಳಿಗಳಲ್ಲಿ ನಡೆದುಬಂದ ಪದ್ಧತಿ ಒಳ್ಳೆಯದಿದೆ: ಇಬ್ಬರು ಮೊದಲಿಗರಾದರೆ ಮೊದಲ ಮತ್ತು ಎರಡನೆಯ ಬಹುಮಾನದ ಮೊತ್ತ ಕೂಡಿಸಿ ಸಮವಾಗಿ ಕೊಡುವುದು, ಮುಂದಿನವರನ್ನು ಮೂರನೆಯವರು ಎಂದು ಕರೆಯುವುದು. 20,000 ಮತ್ತು 15,000 ಇದ್ದರೆ ಇಬ್ಬರಿಗೂ 17,500. ಸಂಘಟಕರಿಗೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ಎರಡೂ ಕಥೆಗಳನ್ನು ಒಂದೇ ಸಂಚಿಕೆಯಲ್ಲಿ, ಒಂದೇ ಅಳತೆಯ ಶೀರ್ಷಿಕೆಯಲ್ಲಿ, ಲೇಖಕರ ಹೆಸರಿನ ಅಕಾರಾದಿ ಕ್ರಮದಲ್ಲಿ ಹಾಕಲಿ. ಒಂದನ್ನು ವಿಶೇಷಾಂಕದಲ್ಲಿ ಹಾಕಿ ಇನ್ನೊಂದನ್ನು ಮುಂದಿನ ವಾರಕ್ಕೆ ತಳ್ಳಿದರೆ ಹಂಚಿಕೆ ಅಲ್ಲಿಗೇ ಸುಳ್ಳಾಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಕಥೆಯಿಂದ ತೆಗೆದ ಲೇಖಕರ ಹೆಸರನ್ನು ಮುಚ್ಚಿಟ್ಟ ಲಕೋಟೆ. ಸಮಬಲ ಬಂದಾಗ ಯಾರದೆಂದು ನೋಡಿಬಿಡೋಣ ಎಂಬ ಆಸೆ ಹುಟ್ಟುವುದು ಸಹಜ. ನೋಡಿದ ಮೇಲೆ ತೀರ್ಪು ಕಥೆಯನ್ನು ಬಿಟ್ಟು ಬೇರೆ ಕಡೆ ಹರಿಯುತ್ತದೆ: ಇವರಿಗೆ ಹೋದ ವರ್ಷ ಬಂದಿದೆ, ಅವರು ಹೊಸಬರು, ಇವರು ಉತ್ತರ ಕರ್ನಾಟಕದವರು, ಅವರಿಗೆ ಈಗಾಗಲೇ ಹೆಸರಿದೆ. ಪ್ರತಿಯೊಂದೂ ಸದುದ್ದೇಶದ ಮಾತೇ ಇರಬಹುದು. ಹೊಸಬರಿಗೆ, ವಿದ್ಯಾರ್ಥಿಗಳಿಗೆ ಪ್ರೋತ್ಸಾಹ ಬೇಕಾದರೆ ಪ್ರತ್ಯೇಕ ಬಹುಮಾನ ಇಡಬಹುದು. ನಮ್ಮ ಹಲವು ಪತ್ರಿಕೆಗಳು ವಿದ್ಯಾರ್ಥಿ ವಿಭಾಗ ಇಟ್ಟು ದಾರಿ ತೋರಿಸಿವೆ. 7ನೇ ಕಥೆಯೋ 12ನೇ ಕಥೆಯೋ ಎಂಬುದು ಇತ್ಯರ್ಥವಾಗಿ, ಮೂವರೂ ಸಹಿ ಹಾಕುವವರೆಗೆ ಆ ಲಕೋಟೆಗಳು ತೀರ್ಪುಗಾರರ ಕೈಗಾಗಲಿ, ಅಂಕ ಕೂಡುವವರ ಕೈಗಾಗಲಿ ಸಿಗಬಾರದು. ಅವು ಯಾರ ಬೀಗದಲ್ಲಿರುತ್ತವೆ ಎಂಬುದೂ ಆಹ್ವಾನದಲ್ಲೇ ಅಚ್ಚಾಗಲಿ.